ಗಿರಣಿ ಅಕ್ಕನ ಆಟದ ಪೆಟ್ಟಿಗೆ

ಹೋದ ತಿಂಗಳು ಕೊಟ್ರಿ ಫೋನ್ ಮಾಡಿ, "ಟೀಚರ್, ಅವ್ವ ಹೋದ್ಲುರಿ" ಅಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಎಲ್ಲಿ? ರೋಡಿನಾಗೇನು?" ಅಂತ. ತಾಯಿ ಕಳಕೊಂಡವಳಿಗೆ ಕೇಳೋ ಮಾತೇ ಅದು? ಕೊಟ್ರಿಗೆ ಬೇಜಾರಾಗಲಿಲ್ಲ. "ಇಲ್ರಿ, ಮನ್ಯಾಗ. ಜ್ವರ ಬಂದಿತ್ತು. ಚಹಾ ಕುಡದು ಮಲ್ಕೊಂಡಾಕಿ ಏಳ್ಲಿಲ್ಲ" ಅಂದಳು. ನಾನು "ಸದ್ಯ" ಅಂದುಬಿಟ್ಟೆ. ಆ ಕಡೆಯಿಂದ ಅವಳೂ ಅಳುತ್ತಾ, "ಹ್ಞೂಂರಿ, ಸದ್ಯ" ಅಂದಳು. ಪಕ್ಕದಲ್ಲಿದ್ದ ನನ್ನ ಯಜಮಾನರು ನನ್ನ ಮುಖ ನೋಡಿದರು. ಅವರಿಗೆ ಹೇಗೆ ಹೇಳಲಿ? ಆ ಹೆಂಗಸನ್ನು ಹತ್ತಿರದಿಂದ ಕಂಡವರಿಗೇ ಅದು ಗೊತ್ತಾಗಬೇಕು.

ಅವಳ ಪರಿಚಯವಾದಾಗ ನಾನು ಕಾನಹೊಸಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರು. ತೊಂಬತ್ತರ ದಶಕದ ಕೊನೆಕೊನೆ. ತವರು ಹರಪನಹಳ್ಳಿ, ಗಂಡನ ನೌಕರಿ ಹಡಗಲಿಯಲ್ಲಿ, ನನ್ನದು ಇಲ್ಲಿ; ಅರ್ಧ ಸಂಸಾರ ಬಸ್ಸಿನಲ್ಲೇ ನಡೆಯಿತು ಅನ್ನಿ. ಬಾಡಿಗೆಗೆ ಸಿಕ್ಕಿದ್ದು ಒಂದು ಹಿಟ್ಟಿನ ಗಿರಣಿಗೆ ಹತ್ತಿದ ಸಣ್ಣ ಮನೆ. ಮುಂದೆ ಗಿರಣಿ, ಹಿಂದೆ ಅದನ್ನು ನಡೆಸುವ ಅಕ್ಕನ ಮನೆ, ಪಕ್ಕದಲ್ಲಿ ನಾನು. ನಡುವೆ ಒಂದೇ ಗೋಡೆ. ಗಿರಣಿ ಶುರುವಾದರೆ ನನ್ನ ಸ್ಟೀಲಿನ ಲೋಟಗಳು ಹಲಗೆ ಮೇಲೆ ತಾವೇ ನಡೆದುಕೊಂಡು ಹೋಗಿ ಕೆಳಗೆ ಬೀಳುತ್ತಿದ್ದವು. ಅಕ್ಕನ ಹೆಸರು ಬರೆಯೋದಿಲ್ಲ. ಊರಲ್ಲಿ ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಲೂ ಇಲ್ಲ. ಎಲ್ಲರಿಗೂ ಗಿರಣಿ ಅಕ್ಕ.

ರೆಪ್ಪೆ, ಹುಬ್ಬು, ಕಿವಿ ಮೇಲಿನ ಕೂದಲು, ಎಲ್ಲದರ ಮೇಲೂ ಜೋಳದ ಹಿಟ್ಟು. ಇನ್ನೂ ಹರೆಯದ ಹೆಂಗಸು, ಮೊದಲ ದಿನ ನಾನು "ಅಜ್ಜೀ" ಅಂತ ಕರೆದುಬಿಟ್ಟಿದ್ದೆ. "ಯಾವ ಅಜ್ಜಿನ ಹುಡುಕ್ತೀರಿ ದಾವಣಗೆರಿ ಟೀಚರ್?" ಅಂತ ಗದರಿದಳು. ನಾನು 'ಐತೆ' ಅಂದರೆ ಅವಳು 'ಐತಿ' ಅನ್ನೋಳು. ನನ್ನ ಹರಪನಹಳ್ಳಿ ಮಾತು ಅವಳ ಕಿವಿಗೆ ದಾವಣಗೆರೆಯೇ. ತುರುಬಿನಲ್ಲಿ ಬೇರೆ ಹೆಂಗಸರು ಹೂವು ಸಿಕ್ಕಿಸಿದರೆ ಇವಳು ಕರೆಂಟ್ ನೋಡುವ ಟೆಸ್ಟರ್ ಸಿಕ್ಕಿಸುತ್ತಿದ್ದಳು. ಮೋಟರಿನ ಸದ್ದಿನಲ್ಲಿ ಕೂಗಿ ಕೂಗಿ ಗಂಟಲು ಹೇಗಾಗಿತ್ತು ಅಂದರೆ, ಗುಟ್ಟು ಹೇಳಿದರೂ ಬಸ್‌ಸ್ಟ್ಯಾಂಡಿನಲ್ಲಿ ಕೂತವರಿಗೆ ಕೇಳುತ್ತಿತ್ತು. ಮೋಟರು ಬಿಚ್ಚಿ ಕಟ್ಟೋಳು, ಸವೆದ ಬೀಸೋ ಕಲ್ಲಿಗೆ ಹಲ್ಲು ಕುಟ್ಟೋಳು, ಹರಿದ ಬೆಲ್ಟು ತಾನೇ ಹೊಲಿಯೋಳು. ಹಿಟ್ಟು ದಪ್ಪ ಬಂತು ಅಂತ ಯಾರಾದರೂ ಕ್ಯಾತೆ ತೆಗೆದರೆ ಅವರ ಪಾಡು ನಾಯಿಪಾಡು.

ಇಂಥ ಗಟ್ಟಿ ಹೆಂಗಸು ಕಂಡಕಂಡದ್ದಕ್ಕೆಲ್ಲ ಹೆದರುತ್ತಿದ್ದಳು. ದೂರದಲ್ಲೆಲ್ಲೋ ಗುಡುಗಿದರೆ ಮನೆಯ ಅಷ್ಟೂ ಪ್ಲಗ್ಗಿನ ಪಿನ್ನು ಕಿತ್ತಿಡುವಳು, ನನ್ನ ಮನೆಗೂ ಬಂದು ಕಿತ್ತಿಡುವಳು. ಸೆಲ್ಲಿನ ರೇಡಿಯೋವನ್ನೂ ಗೋಣಿಚೀಲದಲ್ಲಿ ಸುತ್ತಿಡೋದು ನೋಡಿ ನನಗೆ ನಗು ತಡೆಯೋಕೆ ಆಗಿರಲಿಲ್ಲ. ಗಿರಣಿಯ ಬಾಗಿಲಲ್ಲಿ ಸುಣ್ಣದ ಗೆರೆ ಎಳೆದಿದ್ದಳು, ಮಕ್ಕಳು ಅದನ್ನು ದಾಟಿದರೆ ಮೋಟರೇ ಬಂದ್. ಹಿಟ್ಟು ಹೊತ್ತು ಹೊರಟ ಒಬ್ಬೊಬ್ಬರಿಗೂ, ಮುದುಕರಿಗೂ, "ರೋಡ್ ನೋಡ್ಕೊಂಡ ಹೋಗ್ರೀ" ಅಂತ ಕೂಗುತ್ತಿದ್ದಳು. ಆ ಕೂಗು ಕೇಳದೆ ಆ ಬೀದಿಯಲ್ಲಿ ಒಂದು ದಿನವೂ ಹೋದದ್ದಿಲ್ಲ.

ರೋಡು ಅಂದರೆ ಹೈವೇ. ಊರನ್ನು ನಡುವೆ ಸೀಳಿಕೊಂಡು ಹೋಗುತ್ತೆ, ಹೊಸಪೇಟೆ ಕಡೆಯಿಂದ ಚಿತ್ರದುರ್ಗದ ಕಡೆಗೆ. ಅದಿರಿನ ಲಾರಿ, ಹತ್ತಿ ಲಾರಿ, ಎಲ್ಲವೂ ಅಲ್ಲೊಂದು ಊರಿದೆ ಅನ್ನೋದು ಮರೆತೇ ಓಡೋವು. ಕೊಟ್ರಿ ಇನ್ನೂ ಮೊಲೆ ಹಾಲು ಕುಡಿಯುವ ಕೂಸಾಗಿದ್ದಾಗ, ಮನೆಗೆ ಇಟ್ಟಿಗಿ ಊರಿನಿಂದ ಬೀಗರು ಬಂದಿದ್ದರಂತೆ. ಚಹಾಕ್ಕೆ ಹಾಲಿಲ್ಲ. ಅಕ್ಕನ ಗಂಡ ಚೊಂಬು ಹಿಡಿದು ರೋಡಿನಾಚೆ ಹೋಟೆಲಿನಿಂದ ಹಾಲು ತರಲಿಕ್ಕೆ ಹೋದವನು ಬರಲಿಲ್ಲ. ಅಷ್ಟೇ ಹೇಳಿದ್ದಳು ನನಗೆ, ಅದೂ ಒಂದೇ ಸಲ. ಕಾರ್ಯ ಎಲ್ಲ ಮುಗಿದ ಮೇಲೆ ಮೊದಲು ಮಾಡಿದ ಕೆಲಸ ಒಂದು ಎಮ್ಮೆ ಕೊಂಡದ್ದು. ಆಮೇಲೆ ಅವಳು ರೋಡು ದಾಟಲೇ ಇಲ್ಲ. ಶಾಲೆ ಇದ್ದದ್ದೂ ಕೊಟ್ಟೂರಿನ ಬಸ್ಸು ನಿಲ್ಲುತ್ತಿದ್ದದ್ದೂ ನಮ್ಮ ಮಗ್ಗುಲಿಗೇ, ಹಾಗಾಗಿ ಸಾಮಾನಿಗೂ ಡಾಕ್ಟರಿಗೂ ದೇವರಿಗೂ ಕೊಟ್ಟೂರೇ. ಕೂಡ್ಲಿಗಿಗೆ ಹೋದರೆ ವಾಪಸ್ ಬರುವಾಗ ರೋಡಿನ ಆಚೆ ಮಗ್ಗುಲಿಗೆ ಇಳಿಸುತ್ತಾರೆ ಅಂತ, ತಾಲ್ಲೂಕು ಕಚೇರಿ ಕೆಲಸವನ್ನೂ ಬಿಟ್ಟುಕೊಟ್ಟಿದ್ದಳು. "ಇದೇನಕ್ಕ, ಜನ ದಾಟೋದೇ ಇಲ್ವಾ?" ಅಂತ ನಾನು ಹುಡುಗಾಟ ಮಾಡಿದರೆ, "ದಾಟ್ಲಿ. ನನ್ನ ಮನ್ಯಾಗ ಇನ್ನ ಒಂದ ಜೀವ ಉಳದೈತಿ" ಅನ್ನುತ್ತಿದ್ದಳು.

ಆ ಒಂದು ಜೀವ ಕೊಟ್ರಮ್ಮ, ಕೊಟ್ರಿ. ನನ್ನ ನಾಲ್ಕನೇ ಕ್ಲಾಸಿನಲ್ಲಿದ್ದಳು. ಒಂದು ಕಡೆ ಕೂರೋ ಹುಡುಗಿ ಅಲ್ಲ. ಮಗ್ಗಿ ಹೇಳು ಅಂದರೆ ಒಂಟಿಕಾಲಲ್ಲಿ ನಿಂತು ಹೇಳೋಳು.

ಒಂದು ದಿನ ಶಾಲೆ ಬಿಟ್ಟು ಬಂದು ನಾನು ಗಿರಣಿ ಕಟ್ಟೆ ಮೇಲೆ ಕೂತಿದ್ದೆ. ಬೀಸಿಸಲು ಬಂದಿದ್ದ ಒಬ್ಬ ಹೆಂಗಸು ಮೋಟರಿನ ಸದ್ದಿಗೆ ಎದುರಾಗಿ ಕೂಗಿ ಹೇಳಿದಳು: "ಏನಬೇ ಅಕ್ಕಾ, ನಿನ್ನ ಮಗಳು ರೋಡಿನಾಚಿ ವಿಡಿಯೋ ಗೇಮಿನ ಅಂಗಡ್ಯಾಗ ಗಂಡುಡುಗರ ಸಂಗಾಟ ನಿಂತಿರ್ತಾಳ ದಿನಾ!" ಪಂಕ್ಚರ್ ಅಂಗಡಿಯ ಪಕ್ಕ ಹೊಸದಾಗಿ ಒಬ್ಬ ಆ ಅಂಗಡಿ ಹಾಕಿದ್ದ. ಆಳೆತ್ತರದ ಪೆಟ್ಟಿಗೆ, ಒಳಗೆ ಟಿವಿ, ಮುಂದೆ ಒಂದು ಕಡ್ಡಿ, ಗುಂಡಿಗಳು. ನಾಣ್ಯ ಹಾಕಿ ನಿಂತುಕೊಂಡು ಆಡೋದು.

ಅಕ್ಕ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದಳು. ಬೆಲ್ಟು ಉಸಿರು ಬಿಡುತ್ತಾ ನಿಂತಿತು. ಸುಣ್ಣದ ಗೆರೆಯ ಆಚೆ ಕುಂಟಾಟ ಆಡುತ್ತಿದ್ದ ಕೊಟ್ರಿಯನ್ನು ಕರೆದಳು. ಗಂಡುಡುಗರ ಮಾತು ಎತ್ತಲಿಲ್ಲ. ಅಂಗಡಿ ಮಾತೂ ಎತ್ತಲಿಲ್ಲ.

"ರೋಡ್ ಹೆಂಗ ದಾಟಿದಿ?"

ಕೊಟ್ರಿ ಎತ್ತಿದ್ದ ಕಾಲನ್ನು ನೆಲಕ್ಕಿಟ್ಟಳು.

"ದಿನಾ ದಾಟಿದೇನು?"

ಅಕ್ಕ ಕೈ ಎತ್ತುತ್ತಾಳೆ ಅಂದುಕೊಂಡು ನಾನು ಎದ್ದೆ. ಅಕ್ಕ ಹಿತ್ತಲಿಗೆ ಹೋಗಿ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಅವತ್ತು ಅರ್ಧ ಬೀಸಿದ ಡಬ್ಬಿಗಳನ್ನೇ ಜನ ಹೊತ್ತುಕೊಂಡು ಹೋದರು.

ಮರುದಿನ ಕೊಟ್ರಿ ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ನನಗೆ ಸಿಟ್ಟು ಬಂತು. ಹೋಗಿ ಜಗಳವಾಡಿದೆ. "ಕೂಸನ್ನ ಕರು ಕಟ್ಟಿದಂಗೆ ಕಟ್ಟಿ ಹಾಕ್ತೀಯೇನಕ್ಕಾ? ಎಷ್ಟು ದಿನ ಕಟ್ತೀ?" ಅಂದೆ. ಅವಳು ಜೋಳ ಕೇರುತ್ತಾ ಕೂತಿದ್ದಳು. ಕಣ್ಣು ಕೆಂಪಗಿದ್ದವು. "ಆ ಪೆಟ್ಟಿಗಿ ನಮ್ಮ ಮನೀಗೆ ಬಂದ್ರ, ಆಕಿ ಯಾಕ ರೋಡ್ ದಾಟ್ತಾಳ? ಹೇಳ್ರಿ ಟೀಚರ್" ಅಂದಳು. ನಾನು ತಮಾಷೆ ಅಂದುಕೊಂಡೆ. ಅವಳಿಗೆ ತಮಾಷೆ ಬರುತ್ತಿರಲಿಲ್ಲ.

ಪೆಟ್ಟಿಗೆ ಹೇಗಿರುತ್ತೆ ಅಂತ ನೋಡಬೇಕಲ್ಲ? ನೋಡಲಿಕ್ಕೆ ರೋಡು ದಾಟಬೇಕು. ಅದಕ್ಕೆ ಕೊಟ್ರಿಗೆ ಪಾಟಿ ಬಳಪ ಕೊಟ್ಟು ಕೂರಿಸಿದಳು. ಹುಡುಗಿ ಒಂದೇ ಉಸಿರಿಗೆ ಬರೆದಳು ನೋಡಿ: ಓರೆಯಾಗಿ ಕೂತ ಟಿವಿ, ಕಡ್ಡಿಯ ತಲೆ, ಗುಂಡಿಗಳು, ನಾಣ್ಯದ ಸೀಳು, ಕೆಳಗೆ ಬೀಗ, ಬೀಗದ ಪಕ್ಕ ಯಾರೋ ಒದ್ದು ಬಿದ್ದ ಬಿರುಕು ಕೂಡ. ಅಕ್ಕ ಪಾಟಿ ಹಿಡಿದು ಬಹಳ ಹೊತ್ತು ನೋಡಿದಳು. ಮಗಳ ಕೈಚಳಕಕ್ಕೆ ಹಿಗ್ಗುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ನನ್ನ ಕಡೆ ತಿರುಗಿ, ಅವಳ ಮಟ್ಟಿಗೆ ಮೆತ್ತಗಿನ ದನಿಯಲ್ಲಿ, "ಇಷ್ಟ ಬರಿಯಾಕ ಎಷ್ಟ ಸಲ ದಾಟಿರಬೇಕ್ರಿ ಈಕಿ?" ಅಂದಳು. ಬೀದಿಗೆಲ್ಲ ಕೇಳಿತು.

ಪೆಟ್ಟಿಗೆ ಮಾಡಿದ್ದು ಮನೆಯಲ್ಲಿ ಬಿದ್ದಿದ್ದರಲ್ಲೇ. ಹೊಸ ಮೋಟರು ಬಂದಿದ್ದ ಪ್ಯಾಕಿಂಗಿನ ಹಲಗೆ, ಎಮ್ಮೆ ಕೊಟ್ಟಿಗೆಯ ಮುರುಕು ಬಾಗಿಲು. ಅವಳು ಗರಗಸ ಎಳೆಯೋಳು, ನಾನು ಹಲಗೆ ಹಿಡಿಯೋದು. ಎರಡು ಸಲ ನನ್ನ ಹೆಬ್ಬೆರಳಿನ ಮೇಲೆ ಸುತ್ತಿಗೆ ಬಿತ್ತು, ಎರಡು ಸಲವೂ ನನ್ನದೇ ತಪ್ಪು ಅಂದಳು. ಗುಂಡಿಗೆ ಕರೆಗಂಟೆಯ ಸ್ವಿಚ್ಚು ತಂದಳು, ಒತ್ತಿದರೆ ಟಕ್ ಅನ್ನುವಂಥವು. ಕಡ್ಡಿ ಸೈಕಲ್ ಪಂಪಿನದು, ಬಿಟ್ಟರೆ ನೆಟ್ಟಗೆ ನಿಲ್ಲಲಿ ಅಂತ ಬುಡಕ್ಕೆ ಟ್ಯೂಬಿನ ರಬ್ಬರು, ತಲೆಗೆ ಮೊಳೆ ಕಿತ್ತ ಬುಗುರಿ. ಮುರುಕು ಬಾಗಿಲಿನ ಹಲಗೆ ತುಂಬ ಸಿಬರು. ಮಗಳ ಅಂಗೈಗೆ ಚುಚ್ಚಿದರೆ? ಅದಕ್ಕೆ ಮುಂಭಾಗಕ್ಕೆ ಎಣ್ಣೆ ಡಬ್ಬಿಯ ತಗಡು ಬಿಡಿಸಿ ಬಡಿದಳು. ಕೊಟ್ರಿಗೆ ನಾಣ್ಯದ ಸೀಳು ಇಲ್ಲದಿದ್ದರೆ ಪೆಟ್ಟಿಗೆಯೇ ಅಲ್ಲ. ಸೀಳೂ ಬಂತು. ಹುಣಸೆಬೀಜ ಹಾಕಿದರೆ ಒಳಗಿನ ಡಬ್ಬಿಯಲ್ಲಿ ಠಣ್ ಅನ್ನುತ್ತಿತ್ತು. ಆ ದಿನಗಳಲ್ಲಿ ಆ ಮನೆಯಲ್ಲಿ ಎಂಥ ಖುಷಿ ಇತ್ತು ಅಂತೀರಿ! ತಾಯಿ ಮಗಳು ಕಚ್ಚಾಡುತ್ತಾ ಕೆಲಸ ಮಾಡುತ್ತಿದ್ದರು.

ಟಿವಿ ಮತ್ತು ಆಟದ ಯಂತ್ರ ತಂದು ಜೋಡಿಸಿದವನು ಕೊಟ್ಟೂರಿನ ರಿಪೇರಿಯವನು. ಎಲ್ಲೋ ಮೂಲೆಯಲ್ಲಿದ್ದ ಹಳೇ ಕಪ್ಪು ಬಿಳುಪು ಟಿವಿ. ಗುಂಡಿಗಳಿಗೆ ತಂತಿ ಎಳೆಯುವಾಗ, ಹೋಗೋ ತಂತಿ ಒಂದು, ಬರೋ ತಂತಿ ಒಂದು ಅಂತ ಲೆಕ್ಕ ಹೇಳಿದ. ಅಕ್ಕ, "ಬರೋದಕ್ಕ ಯಾಕ ತಂತಿ? ತಗಡ ಐತಲ್ಲ, ಎಲ್ಲಾ ಅದಕ್ಕ ಹಚ್ಚಿಬಿಡ್ರಿ" ಅಂದಳು. ಅವನು ತಲೆ ಕೆರೆದುಕೊಂಡ. ಹಚ್ಚಿದ. ಆಮೇಲೆ ಎದ್ದು ನಿಂತು ಹೇಳಿದ: "ಅಮ್ಮಾ, ಸರಿಯಾಗಿ ಕೇಳ್ರಿ. ಈ ಟಿವಿಯೊಳಗಿನ ಕಬ್ಬಿಣಕ್ಕ ಕರೆಂಟಿನ ಒಂದ್ ವೈರ್ ನೇರ ಹತ್ತಿರತೈತಿ. ಈಗ ಈ ತಗಡಿಗೂ ಅದ ಹತ್ತಿದಂಗಾತು. ಪಿನ್ನು ಹಿಂಗ ಹಾಕಿದ್ರ ನ್ಯೂಟ್ರಲ್ ಇರತೈತಿ, ಏನೂ ಆಗಂಗಿಲ್ಲ. ತಿರುಗಿಸಿ ಹಾಕಿದ್ರಿ ಅಂದ್ರ ತಗಡಿನ ತುಂಬ ಫೇಸ್, ಮುಟ್ಟಿದವರು ಉಳಿಯಂಗಿಲ್ಲ. ಟಿವಿ ಮಾತ್ರ ಹಂಗೂ ನಡಿತೈತಿ, ಹಿಂಗೂ ನಡಿತೈತಿ, ಗೊತ್ತಾಗಂಗಿಲ್ಲ. ನಡುವ ಒಂದ ಟ್ರಾನ್ಸ್‌ಫಾರ್ಮರ್ ಹಾಕಸ್ರಿ, ಭಯ ಇರಂಗಿಲ್ಲ."

"ಹಾಕಸೂಣು, ಸುಗ್ಗಿ ಆಗಲಿ" ಅಂದಳು ಅಕ್ಕ.

ರೋಡಿಗೆ ಹೆದರಿ ಹೆದರಿ ಈ ಹೆಂಗಸು ಮನೆಯೊಳಗೆ ಏನನ್ನು ತಂದು ನಿಲ್ಲಿಸಿಕೊಂಡಿದ್ದಾಳೆ! "ಬೇಡಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ತೆಗೆಸು ಇದನ್ನ" ಅಂದೆ. ಅವಳು ನನಗೆ ಧೈರ್ಯ ಹೇಳಿದಳು, ಕೇಳಿ! "ಕರೆಂಟ ನನಗ ಗೊತ್ತೈತ್ರಿ ಟೀಚರ್. ಅದು ಹೇಳಿದ ಮಾತ ಕೇಳತೈತಿ. ಲಾರಿ ಕೇಳಂಗಿಲ್ಲ." ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಆ ಎರಡು ಕಾಲಿನ ಪಿನ್ನಿನ ಒಂದು ಮಗ್ಗುಲಿಗೆ ದೊಡ್ಡ ಬೊಟ್ಟು ಇಟ್ಟಳು. ಬೊಟ್ಟು ಮೇಲೆ ಇರಬೇಕು. ಅಷ್ಟೇ ಕಾನೂನು.

ಪಿನ್ನು ಹಾಕಿ ಹಾಗೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಿಡುವ ಜೀವವೇ ಅದು? ಆಟ ಮುಗಿದ ಕೂಡಲೇ ಕೀಳಬೇಕು. ಸಿಡಿಲು ಹೊಡೆದರೆ? ಕರೆಂಟು ಜಾಸ್ತಿ ಬಂದರೆ? ದಿನಾ ಕೀಳೋದು, ದಿನಾ ಹಾಕೋದು. ಸಂಜೆ ಗಿರಣಿ ನಿಂತ ಮೇಲೆ ಗೋಡೆಯಾಚೆಯಿಂದ ನನಗೆಲ್ಲ ಕೇಳುತ್ತಿತ್ತು. "ಬೊಟ್ಟ ಮ್ಯಾಲೈತಿ" ಅಂತ ತನಗೆ ತಾನೇ ಹೇಳಿಕೊಂಡು ಪಿನ್ನು ಹಾಕೋಳು. ತುರುಬಿನಿಂದ ಟೆಸ್ಟರ್ ತೆಗೆದು ತಗಡಿಗೆ ಹಚ್ಚೋಳು. ದೀಪ ಹತ್ತದಿದ್ದರೆ "ಇಲ್ಲ" ಅನ್ನೋಳು. ಆಮೇಲೆ ಕೊಟ್ರಿಗೆ "ಆಡು". ಆ "ಇಲ್ಲ" ಕೇಳೋ ತನಕ ನಾನು ಒಲೆ ಮುಂದೆ ಸೌಟು ಹಿಡಿದು ಹಾಗೇ ನಿಂತಿರುತ್ತಿದ್ದೆ. ಎಷ್ಟು ಸಾರು ತಳ ಹಿಡಿದವೋ!

ಮಗಳು ಆಡುವಾಗ ಅಕ್ಕ ಹಿಂದೆ ನಿಂತು ನೋಡುತ್ತಿದ್ದಳು. ಪರದೆಯ ಮೇಲಿನ ಪುಟ್ಟ ಮನುಷ್ಯ ಓಡಬೇಕು, ಕುಣಿ ಬಂದರೆ ಹಾರಬೇಕು. ಅವನು ಕುಣಿ ಹತ್ತಿರ ಬಂದಾಗೆಲ್ಲ ಅಕ್ಕ ಗಟ್ಟಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಸತ್ನೇನ? ಸತ್ನೇನ?" ಅಂತ ಕೇಳೋಳು. ಕೊಟ್ರಿ ಬಿದ್ದು ಬಿದ್ದು ನಗೋಳು. "ಸತ್ರ ಮತ್ತ ಬರ್ತಾನವ್ವಾ!" "ಹೌದಾ? ಭಾಗ್ಯವಂತ ಅದಾನ" ಅಂತ ಅಕ್ಕ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ಕೊಟ್ರಿ ಮತ್ತೆ ಶಾಲೆಗೆ ಬಂದಳು, ರೋಡಿನ ಕಡೆ ಹೋಗೋದು ಮಾತ್ರ ಬಿಟ್ಟಳು. ಬೀದಿ ಹುಡುಗಿಯರೆಲ್ಲ ಹುಣಸೆಬೀಜ ಹಿಡಿದು ಇಲ್ಲಿಗೇ ಬರುತ್ತಿದ್ದರು. ಅಷ್ಟು ಮಕ್ಕಳ ಕೈ ಆ ತಗಡಿನ ಮೇಲೆ ಕಂಡಾಗ ನಾನು ಬೊಟ್ಟು ಮೇಲಿದೆಯೇ ಅಂತ ಇನ್ನೊಮ್ಮೆ ಬಗ್ಗಿ ನೋಡುತ್ತಿದ್ದೆ.

ಆಯುಧ ಪೂಜೆ ಬಂತು. ಗಿರಣಿಯವರಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಆ ವರ್ಷ ಅಕ್ಕನಿಗೆ ಎಲ್ಲಿಲ್ಲದ ಭಕ್ತಿ. ಅವಳ ಭಕ್ತಿ ಅಂದರೆ ಏನು, ಹೆದರಿಕೆಯೇ. ಯಾವುದಕ್ಕೆ ಪೂಜೆ ತಪ್ಪಿದರೆ ಯಾವುದು ಮುನಿಯುತ್ತೋ! ಕಲ್ಲು, ಬೆಲ್ಟು, ಮೋಟರು, ಸ್ಟಾರ್ಟರು, ತಕ್ಕಡಿ, ಆಟದ ಪೆಟ್ಟಿಗೆ, ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದಳು. ಮೂರು ಬೆರಳಿನ ವಿಭೂತಿ ಎಳೆದಳು. ಕುಂಕುಮದ ಬಟ್ಟಲು ಹಿಡಿದು ಒಂದೊಂದಕ್ಕೂ ಬೊಟ್ಟು ಇಡುತ್ತಾ ಬಂದಳು, ಮುಂದೆ ಇಟ್ಟರೆ ಹಿಂದೆಯೂ ಇಡಬೇಕು, ಯಾವ ಮುಖವೂ ಬರಿದಾಗಿರಬಾರದು. ಪಿನ್ನಿಗೂ ಇಟ್ಟಳು, ಎರಡೂ ಮಗ್ಗುಲಿಗೆ. ಹಬ್ಬದ ದಿನ ಯಂತ್ರಕ್ಕೆ ಒಂದು ಬೊಟ್ಟು ಹೆಚ್ಚಾಯಿತು ಅಂತ ಯಾರಿಗೆ ತಾನೇ ಹೊಳೆದೀತು? ಟೆಸ್ಟರೂ ಆಯುಧವೇ ಅಲ್ಲವೇ, ಅದನ್ನೂ ತೊಳೆದು ಸುತ್ತಿಗೆ, ಪಾನಾಗಳ ಜೊತೆ ಪೂಜೆಯ ಮಣೆ ಮೇಲೆ ಇಟ್ಟಳು. ಪೂಜೆಗೆ ಇಟ್ಟದ್ದನ್ನು ಬನ್ನಿ ಮುಡಿಯೋ ತನಕ ಎತ್ತುವ ಹಾಗಿಲ್ಲ. ತುರುಬಿಗೆ ಅವತ್ತು ಸೇವಂತಿಗೆ ಬಂತು. ಎಷ್ಟು ಚೆಂದ ಕಂಡಳು, ಹಿಟ್ಟಿಲ್ಲದ ಮುಖದಲ್ಲಿ!

ಮರುದಿನ ಸಂಜೆ ಬನ್ನಿ. ನಾನು ಎಲೆ ಹಿಡಿದು ಅವರ ಕಟ್ಟೆಗೆ ಹೋದೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತ ಒಬ್ಬರಿಗೊಬ್ಬರು ಕೊಟ್ಟುಕೊಂಡೆವು. ಕೊಟ್ರಿ ಹೊಸ ಲಂಗ ಹಾಕಿಕೊಂಡು ನನ್ನ ಕಾಲು ಮುಟ್ಟಿ ಒಳಗೆ ಓಡಿದಳು. ಬೀದಿ ತುಂಬ ಜನ ಎಲೆ ಹಂಚುತ್ತಾ ಓಡಾಡುತ್ತಿದ್ದರು. ಅಕ್ಕ ನನಗೆ ಯಾರದೋ ಸೀರೆಯ ಸುದ್ದಿ ಹೇಳುತ್ತಿದ್ದಳು. ಒಳಗೆ ಆಟದ ಸಂಗೀತ ಶುರುವಾಯಿತು. ಹುಣಸೆಬೀಜ ಠಣ್ ಅಂದಿತು.

ಅಕ್ಕನ ಮಾತು ಅರ್ಧಕ್ಕೆ ನಿಂತಿತು. ಮುಖ ಒಂದು ಕಡೆ ವಾರೆಯಾಯಿತು, ಗಿರಣಿಯ ಕಲ್ಲಿನ ಸದ್ದು ಬದಲಾದಾಗ ಆಗುತ್ತಿತ್ತಲ್ಲ, ಹಾಗೆ. ಸಂಗೀತ ಬರುತ್ತಿತ್ತು. ಗುಂಡಿಗಳ ಟಕಟಕ ಬರುತ್ತಿರಲಿಲ್ಲ.

ಅವಳು ಎದ್ದದ್ದು ನನಗೆ ಕಾಣಲಿಲ್ಲ, ಓಡಿದ್ದೇ ಕಂಡಿತು. ನಾನೂ ಹಿಂದೆ ಓಡಿದೆ. ಬನ್ನಿಗೆ ಅಂತ ಆಗಷ್ಟೇ ತೊಳೆದ ಕಡಪಾ ಕಲ್ಲಿನ ನೆಲ ಇನ್ನೂ ಒದ್ದೆ ಇತ್ತು. ಅದರ ಮೇಲೆ ಬರಿಗಾಲಲ್ಲಿ ಕೊಟ್ರಿ ನಿಂತಿದ್ದಳು, ತಗಡಿನ ಅಂಚನ್ನು ಬಲಗೈಯಲ್ಲಿ ಗಟ್ಟಿ ಹಿಡಿದು. ಹಿಡಿದಿರಲಿಲ್ಲ, ಅದೇ ಅವಳನ್ನು ಹಿಡಿದಿತ್ತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಮೈಯೆಲ್ಲ ಸಣ್ಣಗೆ ನಡುಗುತ್ತಿತ್ತು. ನಾನು "ಅಯ್ಯೋ ಕೂಸೇ" ಅಂತ ಎರಡೂ ಕೈ ಚಾಚಿ ಅವಳನ್ನು ಎಳೆದುಕೊಳ್ಳಲಿಕ್ಕೆ ಹೋದೆ.

ಅಕ್ಕ ನನ್ನ ಎದೆಗೆ ಗುದ್ದಿದಳು. "ಮುಟ್ಟಬ್ಯಾಡಲೇ! ಸಾಯ್ತೀ!" ನಾನು ಹೋಗಿ ಗೋಡೆಗೆ ಬಿದ್ದೆ. 'ಬರ್ರಿ, ಕುಂದರ್ರಿ' ಅಂತ 'ರಿ' ಬಿಡದೆ ಮಾತಾಡುತ್ತಿದ್ದವಳು ನನಗೆ 'ಲೇ' ಅಂದದ್ದು ಅದೊಂದೇ ಸಲ. ಅವಳು ಮಗಳನ್ನೂ ಮುಟ್ಟಲಿಲ್ಲ. ಪೆಟ್ಟಿಗೆಯ ಪಕ್ಕಕ್ಕೆ ಸುತ್ತಿ ಹೋಗಿ, ವೈರು ಹಿಡಿದು ಗೋಡೆಯಿಂದ ಪಿನ್ನನ್ನು ಕಿತ್ತಳು. ಸಂಗೀತ ನಿಂತಿತು. ಕೊಟ್ರಿ ಚೀಲ ಕುಸಿದ ಹಾಗೆ ಕುಸಿದಳು, ತಲೆ ಕಲ್ಲಿಗೆ ಬಡಿಯುವ ಮುಂಚೆ ಅಕ್ಕ ಹಿಡಿದುಕೊಂಡಳು. ಎದೆಗೆ ಕಿವಿ ಹಚ್ಚಿದಳು. "ಬಡೀತೈತಿ" ಅಂದಳು. ಅಂಗಾಲು ತಿಕ್ಕಿದಳು. "ಉಸಿರೈತಿ" ಅಂದಳು. ನಾನು ಮಾತ್ರ ಗೋಡೆಗೆ ಆತು ಕೂತು ಗಳಗಳ ಅಳುತ್ತಿದ್ದೆ.

ದವಾಖಾನೆ ಇದ್ದದ್ದು ರೋಡಿನಾಚೆ. ಕೊಟ್ಟೂರಿನ ಬಸ್ಸು ಕಾಯುವ ಹೊತ್ತೇ ಅದು? ಮಗಳನ್ನು ಎತ್ತಿಕೊಂಡು ಅಕ್ಕ ಓಡಿದಳು, ರೋಡಿನ ಅಂಚಿಗೆ ಬಂದು ನಿಂತಳು. ನಿಂತೇ ಬಿಟ್ಟಳು. ಹಬ್ಬಕ್ಕೆ ಬಾಳೆಕಂಬ, ಚೆಂಡುಹೂವು ಕಟ್ಟಿಕೊಂಡ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಕರೆಂಟಿನ ಮುಂದೆ ಕಲ್ಲಿನಂತೆ ಇದ್ದವಳು ಈಗ ಗಡಗಡ ನಡುಗುತ್ತಿದ್ದಳು, ಮಗಳ ಜೋತ ಕಾಲು ಅವಳ ಮೈಗೆ ಬಡಿಯುತ್ತಿತ್ತು. "ನನ್ನ ಕೈಗೆ ಕೊಡಕ್ಕಾ" ಅಂದೆ. ಕೊಡಲಿಲ್ಲ. "ಹಂಗಾದ್ರೆ ನಡಿ!" ಅಂದೆ. ಕಾಲು ಕೀಳಲಿಲ್ಲ. ಕೊನೆಗೆ ನಾನೇ ರೋಡಿಗೆ ಇಳಿದು, ಎರಡೂ ಕೈ ಎತ್ತಿ, ಕ್ಲಾಸಿನಲ್ಲಿ ಗದರುವ ಹಾಗೆ "ನಿಲ್ಸೋ!" ಅಂತ ಕಿರುಚಿದೆ. ಒಂದು ಲಾರಿ ಕಿರ್ರನೆ ನಿಂತಿತು. ಡ್ರೈವರು ನನ್ನ ಏಳು ತಲೆಮಾರಿಗೆ ಬೈದ. ಅಕ್ಕನ ರಟ್ಟೆ ಹಿಡಿದು ಎಳೆದುಕೊಂಡು ದಾಟಿದೆ. ಅವಳ ಕಣ್ಣು ಆಚೆ ಮುಟ್ಟೋ ತನಕ ಮುಚ್ಚೇ ಇದ್ದವು.

ಡಾಕ್ಟರು ಒಳ್ಳೆಯವರು. ಹಬ್ಬದ ಊಟ ಬಿಟ್ಟು ಬಂದರು. ಹುಡುಗಿಗೆ ಎಚ್ಚರವಾಯಿತು, ಅತ್ತಳು, ನೀರು ಕೇಳಿದಳು. ಅಂಗೈ ಸುಟ್ಟಿತ್ತು, ಪಟ್ಟಿ ಕಟ್ಟಿದರು. ಎದೆ ಸರಿಯಾಗಿದೆ, ಆದರೂ ಸ್ವಲ್ಪ ಹೊತ್ತು ಇಲ್ಲೇ ಇರಲಿ ಅಂದರು. ಬೆಂಚಿನ ಮೇಲೆ ಕೂತಿದ್ದಾಗ ನನ್ನ ಎದೆಯ ಗುದ್ದು ನೋಯಲಿಕ್ಕೆ ಶುರುವಾಯಿತು. "ಅಕ್ಕಾ, ನಿನಗೆ ಹೆಂಗೆ ಹೊಳೀತು ವೈರ್ ಕೀಳಬೇಕು ಅಂತ? ನಾನಾದ್ರೆ ಕೂಸನ್ನೇ ಹಿಡೀತಿದ್ದೆ" ಅಂದೆ.

"ಹೊಳಿಯೋದೇನ ಬಂತ್ರಿ? ದಿನಾ ಮನಸಿನಾಗ ಮಾಡೀನಿ" ಅಂದಳು. "ಆಕಿ ಆಡಾಕ ನಿಂತಾಗೆಲ್ಲ ಆಕಿ ಸಾಯೋದನ್ನ ನೋಡೀನಿ. ಎಲ್ಲಿ ಬೀಳ್ತಾಳ, ನಾ ಎಲ್ಲಿಂದ ಓಡಬೇಕು, ವೈರ್ ಎಲ್ಲಿ ಸಿಗತೈತಿ, ಎಲ್ಲಾ. ಆದ್ರ ರೋಡಿಂದು ಹಂಗ ಮಾಡಾಕ ಆಗಲಿಲ್ರಿ. ಅಲ್ಲಿ ಏನ ಹಿಡದು ಕೀಳಲಿ?"

ಆಗ ಅತ್ತಳು. ಆ ಗಂಟಲಿನ ಅಳು ಕೇಳಿ ಡಾಕ್ಟರು ಒಳಗಿನಿಂದ ಎದ್ದು ಬಂದರು.

ಪೆಟ್ಟಿಗೆಯನ್ನು ಮರುದಿನವೇ ಬಿಚ್ಚಿದಳು. ಹಲಗೆಗಳು ಎಮ್ಮೆಯ ಗೋದಲಿಗೆ ಹೋದವು. ಪಿನ್ನಿನ ಎರಡೂ ಮಗ್ಗುಲಿನ ಬೊಟ್ಟು ಕಂಡದ್ದು ಆಗಲೇ. ಅವತ್ತು ಕೊಟ್ರಿ ತಾನೇ ಪಿನ್ನು ಹಾಕಿಕೊಂಡಿದ್ದಳು, ಹೇಗೆ ಹಾಕಿದರೂ ಬೊಟ್ಟು ಮೇಲೇ. ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ನನಗೂ ತೋರಿಸಿದಳು. ಟಿವಿಯನ್ನು ರಿಪೇರಿಯವನು ಬಂದು ತೆಗೆದುಕೊಂಡು ಹೋದ. ಕೊಟ್ರಿ ಅಳಲಿಲ್ಲ, ಕೇಳಲೂ ಇಲ್ಲ. ಅವ್ವ ಎಲ್ಲಿ ಹೋದರೂ ಸೆರಗಿನ ತುದಿ ಹಿಡಿದು ಹಿಂದೆ ಹೋಗುತ್ತಿದ್ದಳು.

ಪಟ್ಟಿ ಬದಲಿಸಲಿಕ್ಕೆ ಮತ್ತೆ ಬರಬೇಕು ಅಂದಿದ್ದರು. ಶಾಲೆಗೆ ದಸರಾ ರಜೆ ಇತ್ತು, ನಾನೂ ಹೊರಟೆ. ನಾನಿಲ್ಲದೆ ಈ ಹೆಂಗಸು ದಾಟುತ್ತಾಳೆಯೇ? ಹೋಗುವಾಗ ನಾನೇ ಇಬ್ಬರನ್ನೂ ಎಳೆದುಕೊಂಡು ದಾಟಿದೆ. ಅಕ್ಕ ಆ ಸಂಜೆಯ ಹಾಗೇ ಕಣ್ಣು ಮುಚ್ಚಿದ್ದಳು. ವಾಪಸ್ ಬರುವಾಗ ನಾನು ಮುಲಾಮು ತೆಗೆದುಕೊಳ್ಳಲಿಕ್ಕೆ ಹಿಂದೆ ಉಳಿದೆ. ಬಂದು ನೋಡಿದರೆ ತಾಯಿ ಮಗಳು ರೋಡಿನ ಅಂಚಿನಲ್ಲಿ ನಿಂತಿದ್ದರು. ಅಕ್ಕ ಬಗ್ಗಿ ಮಗಳ ಮುಖ ನೋಡುತ್ತಿದ್ದಳು.

"ನೀ ದಿನಾ ದಾಟ್ತಿದ್ದಿ ಅಲ್ಲ? ಹೆಂಗ ದಾಟ್ತಿದ್ದಿ, ನನಗ ತೋರಸು."

ಕೊಟ್ರಿ ಒಂದು ಹೆಜ್ಜೆ ಹಿಂದೆ ಸರಿದಳು. "ಬಡೀತಿಯೇನ?"

"ಬಡಿಯಂಗಿಲ್ಲ. ನನಗ ದಾಟಾಕ ಬರಂಗಿಲ್ಲ ಕೊಟ್ರೀ. ನನ್ನ ದಾಟಸು."

ಹುಡುಗಿ ಪಟ್ಟಿ ಕಟ್ಟಿರದ ಕೈಯಿಂದ ತಾಯಿಯ ಕೈ ಹಿಡಿದಳು. "ಕಣ್ಣ ಮುಚ್ಚಬಾರದು ಮತ್ತ" ಅಂದಳು. "ಹ್ಞೂಂ" ಅಂದಳು ಅಕ್ಕ. ಒಂದು ಲಾರಿ ದೂರದಲ್ಲಿತ್ತು. ಹೋಗಬಹುದಿತ್ತು ಅನಿಸಿತು ನನಗೆ. ಕೊಟ್ರಿ ಕದಲಲಿಲ್ಲ. "ಅದು ದೂರ ಐತಿ ಅನಸತೈತಿ, ಖಾಲಿ ಲಾರಿ ಜೋರ ಬರತೈತಿ, ಬಿಡು ಅದನ್ನ" ಅಂದಳು. ಬಿಟ್ಟಳು. ಒಂದು ಬಸ್ಸು ಬಿಟ್ಟಳು. ಬಸ್ಸಿನ ಹಿಂದೆ ಏನೋ ಇರುತ್ತೆ ಅಂತ ಇನ್ನೂ ಕಾದಳು. ಇತ್ತು, ಒಂದು ಮೋಟರ್ ಸೈಕಲ್ಲು. ಇಬ್ಬರೂ ಇಳಿದರು. ನಡುವಿನಲ್ಲಿ ಅಕ್ಕನ ಕಾಲು ನಿಂತಿತು. "ಇಲ್ಲಿ ನಿಲ್ಲಬಾರದವ್ವಾ, ಬಾ" ಅಂತ ಕೊಟ್ರಿ ಎಳೆದಳು. ಮುಟ್ಟಿದರು.

ನಾನು ದವಾಖಾನೆಯ ಮಗ್ಗುಲಿಗೇ ಉಳಿದೆ. ಲಾರಿಗಳ ಸಾಲು ಬಂತು, ಹೋಯಿತು, ದಾರಿ ಖಾಲಿಯೂ ಆಯಿತು. ನನ್ನ ಕಾಲೇ ಏಳುತ್ತಿಲ್ಲ. ಇಷ್ಟು ದಿನ ನಗಾಡಿಕೊಂಡು ದಾಟಿದ ರೋಡು! ಮುಲಾಮಿನ ಪೊಟ್ಟಣ ಹಿಡಿದುಕೊಂಡು ನಿಂತು ಬೆವೆತೆ. ಅಕ್ಕ ಆಚೆಯಿಂದ ನನ್ನನ್ನೇ ನೋಡುತ್ತಿದ್ದಳು. ನನ್ನ ಹೆದರಿಕೆ ಅವಳಿಗೆ ಗೊತ್ತಾಗಲಿಕ್ಕೆ ಎರಡನೇ ಸಲ ನೋಡಬೇಕೇ?

"ಟೀಚರ್!" ಗಿರಣಿಯ ಗಂಟಲು, ಲಾರಿಗಳ ಸದ್ದಿನ ಮೇಲಿಂದ ಬಂತು. "ಅಲ್ಲೇ ನಿಂದರ್ರಿ! ಕೊಟ್ರಿ ಬರ್ತಾಳ, ನಿಮ್ಮನ್ನ ಕರಕೊಂಡ ಬರ್ತಾಳ!"

ಮಗಳ ಕೈ ಬಿಟ್ಟಳು. ಕೊಟ್ರಿ ಒಬ್ಬಳೇ ರೋಡಿನ ಅಂಚಿಗೆ ಬಂದು ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಒಂದು ಲಾರಿ ಬಿಟ್ಟಳು. ಅಕ್ಕ ಎರಡೂ ಕೈಯಿಂದ ಸೆರಗು ಹಿಡಿದು ಬಾಯಿಗೆ ತುರುಕಿಕೊಂಡಿದ್ದಳು. ಆದರೆ ಕಣ್ಣು ತೆರೆದಿದ್ದವು, ಹುಡುಗಿ ಬಂದು ನನ್ನ ಕೈ ಹಿಡಿಯೋ ತನಕ ತೆರೆದೇ ಇದ್ದವು.